ಬ್ರೌಸರ್ ಬದಲಿಸಿ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ಕೇಂದ್ರ ಸರ್ಕಾರದ ಕಂಪ್ಯೂಟರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್, ಗೂಗಲ್ ಕ್ರೋಮ್‌ನಲ್ಲಿ ದೋಷ ಕಂಡುಬಂದಿದೆಯೆಂದು ಪ್ರಕಟಣೆ ಹೊರಡಿಸಿದಾಗಲೆಲ್ಲ ಪತ್ರಿಕೆಗಳಲ್ಲಿಯೂ ವಾಹಿನಿಗಳಲ್ಲಿಯೂ ಕ್ರೋಮ್ ಬಳಕೆದಾರರಿಗೆ ಎಚ್ಚರಿಕೆ ಎಂಬ ಧಾಟಿಯ ಶೀರ್ಷಿಕೆಗಳು ಕಾಣಿಸಿಕೊಳ್ಳುತ್ತವೆ. ಅದನ್ನು ಓದಿದವರು ಕ್ರೋಮ್ ತೆಗೆದುಹಾಕಿ ಬೇರೊಂದು ಬ್ರೌಸರ್ ಹಾಕಿಕೊಳ್ಳಬೇಕೇ ಎಂದು ಕೇಳತೊಡಗುತ್ತಾರೆ. ಪದವಿ ಕಾಲೇಜೊಂದರ ಗ್ರಂಥಪಾಲಕನಾಗಿದ್ದು ನಿವೃತ್ತನಾದ ನನಗೆ, ಅಲ್ಲಿನ ಕಂಪ್ಯೂಟರುಗಳ ಮೇಲ್ವಿಚಾರಣೆಯೂ ನನ್ನದೇ ಆಗಿದ್ದುದರಿಂದ, ಈ ಪ್ರಶ್ನೆ ಇಂದಿಗೂ ಬರುತ್ತಲೇ ಇದೆ. ಬ್ರೌಸರ್ ಬದಲಿಸುವುದಕ್ಕೆ ಒಳ್ಳೆಯ ಕಾರಣಗಳಿವೆ, ಬದಲಿಸದೆ ಇರುವುದಕ್ಕೂ ಇವೆ. ಆದರೆ ಜನರು ಸಾಮಾನ್ಯವಾಗಿ ಕೊಡುವ ಕಾರಣ ಈ ಎರಡರಲ್ಲಿಯೂ ಸೇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಷಯ ತುಸು ದೀರ್ಘವಾದದ್ದು. ಸ್ಥಳಾವಕಾಶ ನೀಡುವಿರೆಂದು ನಂಬಿದ್ದೇನೆ.

ಮೊದಲು ಈ ಭಯದ ಮಾತು. ಸರ್ಟ್-ಇನ್ ಇಂಥ ಪ್ರಕಟಣೆಗಳನ್ನು ಮೊಜಿಲ್ಲಾ ಫೈರ್‌ಫಾಕ್ಸ್, ಮೈಕ್ರೋಸಾಫ್ಟ್ ಎಡ್ಜ್, ಆ್ಯಪಲ್‌ನ ಸಫಾರಿಗಳ ಬಗೆಗೂ ಹೊರಡಿಸುತ್ತದೆ. ಬ್ರೌಸರ್ ಎಂಬುದು ಲಕ್ಷಾಂತರ ಸಾಲುಗಳ ತಂತ್ರಾಂಶ. ಅಪರಿಚಿತರು ಬರೆದ ಪುಟಗಳನ್ನು ದಿನವಿಡೀ ತಂದು ನಮ್ಮ ಯಂತ್ರದಲ್ಲಿ ಓಡಿಸುವುದೇ ಅದರ ಕಸುಬು. ದೋಷಗಳು ಸಿಗುತ್ತಿರುವುದು ಯಾರೋ ಹುಡುಕುತ್ತಿದ್ದಾರೆ ಎಂಬುದರ ಗುರುತು. ಸಾಮಾನ್ಯವಾಗಿ ಪ್ರಕಟಣೆ ಹೊರಡುವ ಹೊತ್ತಿಗೆ ತಿದ್ದಿದ ಆವೃತ್ತಿಯೂ ಸಿದ್ಧವಾಗಿರುತ್ತದೆ. ಕ್ರೋಮ್ 2023ರ ಆಗಸ್ಟ್‌ನಿಂದ ವಾರಕ್ಕೊಮ್ಮೆ ಭದ್ರತಾ ತಿದ್ದುಪಡಿಗಳನ್ನು ಬಿಡುಗಡೆ ಮಾಡುತ್ತಿದೆ. ಆ ತಿದ್ದುಪಡಿ ಯಂತ್ರಕ್ಕೆ ಬಂದಿಳಿದಿದ್ದರೂ, ಹತ್ತಾರು ಟ್ಯಾಬ್‌ಗಳನ್ನು ತೆರೆದಿಟ್ಟು ವಾರಗಟ್ಟಲೆ ಬ್ರೌಸರ್ ಮುಚ್ಚದವರಿಗೆ ಅದು ಜಾರಿಗೆ ಬರುವುದೇ ಇಲ್ಲ. ಅಂಥವರು ಮಾಡಬೇಕಾದುದು ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯುವುದು. ಹೆದರಿ ಯಾವುದೋ ಚಿಕ್ಕ ಸಂಸ್ಥೆಯ ಬ್ರೌಸರ್ ಹಾಕಿಕೊಂಡರೆ ಸಮಸ್ಯೆ ಹೆಚ್ಚಲೂಬಹುದು, ಏಕೆಂದರೆ ಅಂಥ ಬಹುತೇಕ ಬ್ರೌಸರ್‌ಗಳು ಕ್ರೋಮ್‌ನ ತಳಹದಿಯ ಮೇಲೆಯೇ ನಿಂತಿದ್ದು, ಗೂಗಲ್ ತಿದ್ದಿದ್ದನ್ನು ಅವು ತಮ್ಮ ಬಳಕೆದಾರರಿಗೆ ತಲುಪಿಸುವುದು ಅದರ ನಂತರ.

ಬದಲಾವಣೆ ಎಂದರೆ ನಿಜಕ್ಕೂ ಏನು ಬದಲಾಗುತ್ತದೆ ಎಂಬುದನ್ನು ತಿಳಿಯಲು ಈ ತಳಹದಿಯ ವಿಚಾರವನ್ನು ನೋಡಲೇಬೇಕು. ಪುಟವೊಂದರ ಸಂಕೇತಗಳನ್ನು ಓದಿ ತೆರೆಯ ಮೇಲೆ ಚಿತ್ರಿಸುವ ಭಾಗಕ್ಕೆ ಇಂಜಿನ್ ಎನ್ನುತ್ತಾರೆ. ಇಂದು ವ್ಯಾಪಕ ಬಳಕೆಯಲ್ಲಿರುವ ಇಂಜಿನ್‌ಗಳು ಮೂರೇ: ಗೂಗಲ್‌ನ ಬ್ಲಿಂಕ್, ಆ್ಯಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕೊ. ಇವುಗಳಲ್ಲಿಯೂ ಬ್ಲಿಂಕ್ 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದದ್ದು. ವೆಬ್‌ಕಿಟ್ ಅದಕ್ಕೂ ಮುನ್ನ ಲಿನಕ್ಸ್ ವಲಯದ ಕೆಎಚ್‌ಟಿಎಂಎಲ್ ಎಂಬ ಮುಕ್ತ ತಂತ್ರಾಂಶದಿಂದ ಹುಟ್ಟಿದ್ದು. ಒಪೆರಾ ತನ್ನ ಸ್ವಂತ ಇಂಜಿನನ್ನು 2013ರಲ್ಲಿ ಕೈಬಿಟ್ಟಿತು. ಮೈಕ್ರೋಸಾಫ್ಟ್ ಕೂಡ ತನ್ನದನ್ನು ಕೈಬಿಡುವುದಾಗಿ 2018ರ ಡಿಸೆಂಬರ್‌ನಲ್ಲಿ ಘೋಷಿಸಿ, 2020ರ ಜನವರಿಯಲ್ಲಿ ಕ್ರೋಮ್‌ಗೆ ಮೂಲವಾದ ಗೂಗಲ್‌ನ ಮುಕ್ತ ತಂತ್ರಾಂಶ ಕ್ರೋಮಿಯಂ ಆಧರಿಸಿದ ಹೊಸ ಎಡ್ಜ್ ಬಿಡುಗಡೆ ಮಾಡಿತು. ಬ್ರೇವ್, ವಿವಾಲ್ಡಿ, ಝೋಹೋ ಸಂಸ್ಥೆಯ ಉಲಾ ಎಲ್ಲವೂ ಕ್ರೋಮಿಯಂ ಕುಟುಂಬದವೇ. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ 2010ರಲ್ಲಿ ಭಾರತೀಯ ಭಾಷೆಗಳಲ್ಲಿ ಟೈಪಿಸುವ ಸೌಲಭ್ಯದೊಂದಿಗೆ ಹೊರತಂದ ಎಪಿಕ್, ಮೊದಲು ಮೊಜಿಲ್ಲಾದ ತಳಹದಿಯ ಮೇಲಿದ್ದುದು, 2013ರಲ್ಲಿ ಖಾಸಗಿತನಕ್ಕೆ ಒತ್ತು ಕೊಡುವ ಬ್ರೌಸರ್ ಆಗಿ ಮರುಹುಟ್ಟು ಪಡೆದಾಗ ಕ್ರೋಮಿಯಂಗೆ ಹೊರಳಿತು. ಆದ್ದರಿಂದ ಕ್ರೋಮ್ ಬಿಟ್ಟು ಎಡ್ಜ್‌ಗೋ ಒಪೆರಾಕ್ಕೋ ಹೋಗುವುದು ಬೋರ್ಡ್ ಬದಲಾದ ಅದೇ ಬಸ್ಸನ್ನು ಹತ್ತಿದಂತೆ.

ಹಾಗೆಂದು ಅದು ವ್ಯರ್ಥವೂ ಅಲ್ಲ. ಇಂಜಿನ್ ಒಂದೇ ಆದರೂ ನಮ್ಮ ಓಡಾಟದ ವಿವರ ಯಾರ ಕೈ ಸೇರುತ್ತದೆ, ಹಿಂಬಾಲಿಸುವ ಕುಕಿಗಳನ್ನು, ಅಂದರೆ ತಾಣಗಳು ನಮ್ಮ ಯಂತ್ರದಲ್ಲಿಡುವ ಗುರುತಿನ ಕಡತಗಳನ್ನು, ಮೊದಲಿನಿಂದಲೇ ತಡೆದಿದ್ದಾರೆಯೇ, ಪಾಸ್‌ವರ್ಡ್‌ಗಳು ಯಾವ ಖಾತೆಯಲ್ಲಿ ಕೂತಿವೆ ಎಂಬವು ಬ್ರೌಸರಿನಿಂದ ಬ್ರೌಸರಿಗೆ ಬೇರೆಯಾಗುತ್ತವೆ. ಆದರೆ ಇಲ್ಲಿಯೂ ಹೆಸರು ನೋಡಿ ಮರುಳಾಗಬಾರದು. ಖಾಸಗಿತನವನ್ನೇ ಬಂಡವಾಳ ಮಾಡಿಕೊಂಡ ಬ್ರೇವ್, ಬಳಕೆದಾರರು ಕ್ರಿಪ್ಟೋ ವಿನಿಮಯ ತಾಣವೊಂದರ ವಿಳಾಸ ಟೈಪಿಸಿದಾಗ ಅದಕ್ಕೆ ತನ್ನ ಕಮಿಷನ್ ಸಂಕೇತವನ್ನು ತಾನೇ ಜೋಡಿಸುತ್ತಿತ್ತೆಂಬುದು 2020ರಲ್ಲಿ ಬಯಲಾಗಿ, ಸಂಸ್ಥೆಯ ಮುಖ್ಯಸ್ಥರು ಅದು ತಪ್ಪೆಂದು ಒಪ್ಪಿ ಸರಿಪಡಿಸಬೇಕಾಯಿತು.

ನನ್ನ ದೃಷ್ಟಿಯಲ್ಲಿ ಬದಲಿಸಲು ಇರುವ ನಿಜವಾದ ಕಾರಣ ಹಿಂಬಾಲಿಕೆ ಮತ್ತು ಜಾಹೀರಾತು. ನಾವು ಒಂದು ತಾಣದಲ್ಲಿದ್ದಾಗ ಅಲ್ಲಿ ಜಾಹೀರಾತು ಹಾಕಿರುವ ಮೂರನೆಯ ಸಂಸ್ಥೆಯೊಂದು ನಮ್ಮ ಯಂತ್ರದಲ್ಲಿ ಗುರುತಿನ ಚೀಟಿಯಂಥ ಕಡತ ಇಟ್ಟು, ಮುಂದಿನ ತಾಣದಲ್ಲಿ ಅದೇ ಚೀಟಿಯನ್ನು ನೋಡಿ ನಮ್ಮನ್ನು ಗುರುತಿಸುತ್ತದೆ. ಈ ಮೂರನೆಯವರ ಕುಕಿಗಳನ್ನು ಸಫಾರಿ 2020ರ ಮಾರ್ಚ್‌ನಲ್ಲಿ ಸಂಪೂರ್ಣವಾಗಿ ತಡೆಯಿತು. ಫೈರ್‌ಫಾಕ್ಸ್ 2022ರ ಜೂನ್‌ನಲ್ಲಿ ಪ್ರತಿ ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುವ ವ್ಯವಸ್ಥೆಯನ್ನು ಎಲ್ಲರಿಗೂ ಜಾರಿಗೆ ತಂದಿತು. ಎರಡು ವರ್ಷಗಳೊಳಗೆ ಇವನ್ನು ತೆಗೆದುಹಾಕುವುದಾಗಿ 2020ರ ಜನವರಿಯಲ್ಲಿ ಮಾತು ಕೊಟ್ಟ ಗೂಗಲ್, ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಬದಿಗಿಟ್ಟಿತು. ಜಾಹೀರಾತಿನಿಂದ ಬದುಕುವ ಸಂಸ್ಥೆ ಜಾಹೀರಾತಿನ ಬೇರನ್ನು ತಾನೇ ಕತ್ತರಿಸಲಿ ಎಂದು ನಿರೀಕ್ಷಿಸಿದ್ದೇ ಅತಿಯಾಯಿತು ಎನ್ನಬಹುದು. ನೋಡಿದ ಪುಟಗಳ ದಾಖಲೆಯನ್ನು ಯಂತ್ರದಲ್ಲಿ ಉಳಿಸದ, ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕೂತರೆ ಯಾರಿಗೂ ಕಾಣುವುದಿಲ್ಲ ಎಂದು ನಂಬಿದವರೂ ಬಹಳ ಜನ ಇದ್ದಾರೆ. ಆ ಬಗ್ಗೆ ಅಮೆರಿಕದಲ್ಲಿ ನಡೆದ ಮೊಕದ್ದಮೆ ಇತ್ಯರ್ಥವಾಗುವಾಗ, ಸಂಗ್ರಹಿಸಿದ್ದ ಅಪಾರ ದತ್ತಾಂಶವನ್ನು ಅಳಿಸಿಹಾಕಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು.

ಇದಕ್ಕೆ ಸೇರಿದ್ದು ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ಹೆಚ್ಚಿನ ಸೌಲಭ್ಯ ಜೋಡಿಸುವ ಪುಟ್ಟ ತಂತ್ರಾಂಶಗಳ, ಪ್ರಶ್ನೆ. ರೇಮಂಡ್ ಹಿಲ್ ಎಂಬುವರು ರೂಪಿಸಿ ಉಚಿತವಾಗಿ ಹಂಚುತ್ತಿರುವ ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್, ಪುಟವೊಂದು ಹೊರಗಿನಿಂದ ತರಿಸಿಕೊಳ್ಳುವ ಪ್ರತಿಯೊಂದು ತುಣುಕನ್ನೂ ಬಾಗಿಲಲ್ಲೇ ನಿಲ್ಲಿಸಿ, ಬಿಡಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತಿತ್ತು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮಾವಳಿಯಲ್ಲಿ ಕ್ರೋಮ್ ಆ ಅಧಿಕಾರವನ್ನು ಎಕ್ಸ್‌ಟೆನ್ಷನ್‌ಗಳಿಂದ ಹಿಂದಕ್ಕೆ ಪಡೆಯಿತು. ಇನ್ನು ಮುಂದೆ ಅವು ತಮ್ಮ ನಿಯಮಗಳ ಪಟ್ಟಿಯನ್ನು ಮೊದಲೇ ಒಪ್ಪಿಸಬೇಕು, ಪಟ್ಟಿಗೆ ಮಿತಿಯಿರುತ್ತದೆ, ಜಾರಿ ಮಾಡುವುದು ಬ್ರೌಸರ್. 2024ರಲ್ಲಿ ಆರಂಭವಾದ ಈ ಬದಲಾವಣೆ 2025ರಲ್ಲಿ ಪೂರ್ಣಗೊಂಡು, ಕ್ರೋಮ್‌ನಲ್ಲಿ ಯುಬ್ಲಾಕ್ ಆರಿಜಿನ್ ನಿಂತುಹೋಯಿತು. ಅದರ ಲೈಟ್ ಎಂಬ ಸೌಮ್ಯ ರೂಪ ಮಾತ್ರ ಉಳಿದಿದೆ. ಫೈರ್‌ಫಾಕ್ಸ್ ಹಳೆಯ ಅಧಿಕಾರವನ್ನೂ ಉಳಿಸಿಕೊಂಡಿದೆ. ಫೋನಿನಲ್ಲಂತೂ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ: ಆಂಡ್ರಾಯ್ಡ್‌ನ ಕ್ರೋಮ್ ಎಕ್ಸ್‌ಟೆನ್ಷನ್‌ಗಳಿಗೆ ಅವಕಾಶವನ್ನೇ ಕೊಟ್ಟಿಲ್ಲ, ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲಿ ಅದೇ ಯುಬ್ಲಾಕ್ ಆರಿಜಿನ್ ಕೆಲಸ ಮಾಡುತ್ತದೆ. ದತ್ತಾಂಶದ ಪ್ಯಾಕ್ ಅಳೆದು ಬಳಸುವವರಿಗೆ ಇದು ಪ್ರತಿದಿನದ ಉಳಿತಾಯ.

ಗೂಗಲ್ ಈ ಬದಲಾವಣೆಗೆ ಕೊಟ್ಟ ಕಾರಣ ಭದ್ರತೆ. ಅದನ್ನು ಬರೀ ನೆಪವೆಂದು ತಳ್ಳಿಹಾಕುವಂತಿಲ್ಲ. ತೆರೆದ ಟ್ಯಾಬ್‌ಗಳನ್ನು ನಿದ್ರೆಗೆ ಹಾಕಿ ಮೆಮೊರಿ ಉಳಿಸುತ್ತಿದ್ದ ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ 2020ರಲ್ಲಿ ಬೇರೊಬ್ಬರ ಕೈಗೆ ಮಾರಾಟವಾಗಿ, 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ದುರುದ್ದೇಶದ ತಂತ್ರಾಂಶವೆಂದು ತೆಗೆದುಹಾಕಿತು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಸಂಸ್ಥೆಯದೇ ಎಕ್ಸ್‌ಟೆನ್ಷನನ್ನು ಕಳ್ಳರು ವಶಪಡಿಸಿಕೊಂಡು ಅದರ ಹೆಸರಿನಲ್ಲೇ ವಿಷಪೂರಿತ ಆವೃತ್ತಿಯನ್ನು ಹಂಚಿದರು. ಎಲ್ಲ ಪುಟಗಳನ್ನೂ ಓದಬಲ್ಲ ಎಕ್ಸ್‌ಟೆನ್ಷನ್ ನಮ್ಮ ಬ್ಯಾಂಕಿನ ಪುಟವನ್ನೂ ಓದಬಲ್ಲದು. ಆದ್ದರಿಂದ ಫೈರ್‌ಫಾಕ್ಸ್‌ಗೆ ಹೋದವರು ಅಲ್ಲಿನ ಸ್ವಾತಂತ್ರ್ಯವನ್ನು ನೋಡಿ ಹತ್ತಾರು ಎಕ್ಸ್‌ಟೆನ್ಷನ್ ತುಂಬಿಕೊಂಡರೆ, ಬಿಟ್ಟು ಬಂದ ಜಾಗಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುತ್ತಾರೆ. ನಂಬಿಕಸ್ಥವಾದ ಒಂದೆರಡು ಸಾಕು.

ಇಲ್ಲಿ ತಮಗೆ ಇರಿಸುಮುರಿಸಾಗುವ ಮಾತೊಂದನ್ನು ಹೇಳದಿದ್ದರೆ ಅಪ್ರಾಮಾಣಿಕವಾದೀತು. ಜಾಹೀರಾತು ತಡೆಯುವ ಓದುಗನಿಂದ ಪತ್ರಿಕೆಯ ಜಾಲತಾಣಕ್ಕೆ ಹಣ ಬರುವುದಿಲ್ಲ. ವರದಿಗಾರರಿಗೆ ಸಂಬಳ ಕೊಡುವವರು ಯಾರು ಎಂದು ತಾವು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕನ್ನಡದ ಅನೇಕ ಸುದ್ದಿತಾಣಗಳಲ್ಲಿ ವಾಕ್ಯದ ನಡುವೆ ಜಾರಿ ಬರುವ ಚಿತ್ರ, ತಾನೇ ಓಡತೊಡಗುವ ವಿಡಿಯೊ, ಮುಚ್ಚುವ ಗುರುತೇ ಕಾಣದ ಪೆಟ್ಟಿಗೆ ಇವುಗಳನ್ನು ದಾಟಿಕೊಂಡು ಒಂದು ಸುದ್ದಿಯನ್ನು ಕೊನೆಯವರೆಗೆ ಓದುವುದು ವಯಸ್ಸಾದ ಕಣ್ಣಿಗೆ ಪ್ರಯಾಸ. ಅಚ್ಚಿನ ಪತ್ರಿಕೆಯ ಜಾಹೀರಾತು ತನ್ನ ಜಾಗದಲ್ಲಿ ಕೂತಿರುತ್ತದೆ, ಓದುಗನ ಹಿಂದೆ ಬರುವುದಿಲ್ಲ. ನಾನು ಮೆಚ್ಚಿದ ತಾಣಗಳಿಗೆ ತಡೆಯಿಂದ ವಿನಾಯಿತಿ ಕೊಟ್ಟಿದ್ದೇನೆ, ಚಂದಾ ಇದ್ದಲ್ಲಿ ಕಟ್ಟಿದ್ದೇನೆ. ಎಲ್ಲರೂ ಹಾಗೆ ಮಾಡಲಿ ಎಂದು ಹಾರೈಸಬಹುದೇ ಹೊರತು ಒತ್ತಾಯಿಸಲಾಗದು.

ಇನ್ನು ಬದಲಾವಣೆಯ ಖರ್ಚಿನ ಕಡೆಗೆ ಬರುತ್ತೇನೆ. ಬುಕ್‌ಮಾರ್ಕ್‌ಗಳನ್ನು ಸಾಗಿಸುವುದು ಅತ್ಯಂತ ಸುಲಭ. ಯಾವ ಬ್ರೌಸರಿನಿಂದ ಅವನ್ನು ಕಡತವಾಗಿ ಹೊರತೆಗೆದರೂ ಅದರ ಮೊದಲ ಸಾಲಿನಲ್ಲಿ ಇಂದಿಗೂ ನೆಟ್‌ಸ್ಕೇಪ್‌ನ ಹೆಸರು ಕಾಣಿಸುತ್ತದೆ; 1994ರಲ್ಲಿ ಬಂದು, ಮೈಕ್ರೋಸಾಫ್ಟ್‌ನೊಡನೆ ಸೆಣಸಿ ಸೋತು, ತನ್ನ ಸಂಕೇತವನ್ನು 1998ರಲ್ಲಿ ಮುಕ್ತಗೊಳಿಸಿ ಮೊಜಿಲ್ಲಾಕ್ಕೆ ಜನ್ಮಕೊಟ್ಟ ಬ್ರೌಸರಿನ ಕಡತ ಮಾದರಿಯನ್ನೇ ಅದರ ಎದುರಾಳಿಗಳ ವಾರಸುದಾರರೂ ಬಳಸುತ್ತಿದ್ದಾರೆ.

ಪಾಸ್‌ವರ್ಡ್‌ಗಳ ಸಾಗಣೆ ಅಷ್ಟು ನಿರಪಾಯವಲ್ಲ. ಕ್ರೋಮ್‌ನಿಂದ ಅವನ್ನು ಹೊರತೆಗೆದಾಗ ಸಿಗುವ ಕಡತದಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದುವಂತೆ ಸಾದಾ ಅಕ್ಷರಗಳಲ್ಲಿರುತ್ತವೆ. ಹೊಸ ಬ್ರೌಸರಿಗೆ ಅದನ್ನು ಉಣಿಸಿದ ಮೇಲೆ ಕಡತವನ್ನು ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಬೇಕು. ಕಾಲೇಜಿನ ಯಂತ್ರಗಳ ಡೌನ್‌ಲೋಡ್ ಫೋಲ್ಡರಿನಲ್ಲಿ ಇಂಥ ಕಡತಗಳು ಅನಾಥವಾಗಿ ಬಿದ್ದಿರುವುದನ್ನು ನಾನು ಕಂಡಿದ್ದೇನೆ. ಪಾಸ್‌ವರ್ಡಿನ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಪ್ರವೇಶಿಸುವ ಪಾಸ್‌ಕೀಗಳನ್ನು ಮಾಡಿಕೊಂಡವರ ಪಾಡು ಇನ್ನೂ ಬಿಗಿ. ಒಂದು ಸಂಸ್ಥೆಯ ಕೋಠಿಯಿಂದ ಇನ್ನೊಂದರ ಕೋಠಿಗೆ ಅವನ್ನು ಸಾಗಿಸುವ ಸಾಮಾನ್ಯ ವಿಧಾನದ ಕರಡು ಪ್ರಕಟವಾದದ್ದೇ 2024ರ ಅಕ್ಟೋಬರ್‌ನಲ್ಲಿ. ಫೈರ್‌ಫಾಕ್ಸ್ ತನ್ನ ಸರ್ವರ್‌ನಲ್ಲಿಡುವ ನಮ್ಮ ಮಾಹಿತಿಯನ್ನು ನಮ್ಮ ಖಾತೆಯ ಪಾಸ್‌ವರ್ಡಿನಿಂದಲೇ ಗೂಢೀಕರಿಸುತ್ತದೆ, ಅಂದರೆ ಮೊಜಿಲ್ಲಾದವರಿಗೂ ಅದು ಕಾಣದು. ಇದು ದೊಡ್ಡ ಗುಣ. ಆದರೆ ಅದೇ ಪಾಸ್‌ವರ್ಡ್ ಮರೆತು, ಮರುಪ್ರಾಪ್ತಿಯ ಕೀಲಿಯನ್ನೂ ತೆಗೆದಿಟ್ಟುಕೊಳ್ಳದೆ ಹೊಸದನ್ನು ಪಡೆದರೆ, ಸರ್ವರ್‌ನಲ್ಲಿದ್ದ ಮಾಹಿತಿ ಹೋಯಿತೆಂದೇ ಅರ್ಥ.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ತೊಡಕಿದೆ. ಅಕ್ಷರ ತೋರಿಸುವ ಮಟ್ಟಿಗೆ ಈಗ ಭೇದವಿಲ್ಲ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಕ್ರೋಮ್, ಫೈರ್‌ಫಾಕ್ಸ್ ಎರಡೂ ಬಳಸುತ್ತವೆ, ಎರಡರ ಮೆನುಗಳೂ ಕನ್ನಡದಲ್ಲಿ ದೊರೆಯುತ್ತವೆ, ಫೈರ್‌ಫಾಕ್ಸ್‌ನದ್ದನ್ನು ಕನ್ನಡಿಗ ಸ್ವಯಂಸೇವಕರೇ ಅನುವಾದಿಸಿದ್ದಾರೆ. ಆದರೆ ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತನಾಡಿ ಬರೆಯಿಸುವ ಸೌಲಭ್ಯ ಕ್ರೋಮ್, ಎಡ್ಜ್, ಸಫಾರಿಗಳಲ್ಲಿದೆ, ಫೈರ್‌ಫಾಕ್ಸ್‌ನಲ್ಲಿ ಇಲ್ಲ. ಕೀಲಿಮಣೆ ಒಗ್ಗದ ಹಿರಿಯ ಲೇಖಕರು ಅನೇಕರು ಈಗ ಲೇಖನಗಳನ್ನು ಹೀಗೆಯೇ ಸಿದ್ಧಪಡಿಸುತ್ತಾರೆ. ಅವರಿಗೆ ಫೈರ್‌ಫಾಕ್ಸ್ ಹಾಕಿಕೊಳ್ಳಿ ಎಂದು ನಾನು ಹೇಳಲಾರೆ. ಪುಟವನ್ನು ಅನುವಾದಿಸಿ ಓದುವಾಗಲೂ ಇಂಥದೇ ಆಯ್ಕೆ ಎದುರಾಗುತ್ತದೆ: ಕ್ರೋಮ್ ಪುಟದ ಪಠ್ಯವನ್ನು ಗೂಗಲ್‌ನ ಸರ್ವರ್‌ಗೆ ಕಳಿಸಿ ಅನುವಾದ ತರಿಸುತ್ತದೆ, ಫೈರ್‌ಫಾಕ್ಸ್ ನಮ್ಮ ಯಂತ್ರದೊಳಗೇ ಅನುವಾದಿಸುತ್ತದೆ. ಎರಡನೆಯದರಲ್ಲಿ ಗುಟ್ಟು ಉಳಿಯುತ್ತದೆ, ಆದರೆ ಭಾಷೆಗಳು ಕಡಿಮೆ.

ಫೋನಿನಲ್ಲಿ ಬದಲಾವಣೆಯ ಫಲ ಜನ ಎಣಿಸಿದಷ್ಟು ದೊಡ್ಡದಲ್ಲ. ಆಂಡ್ರಾಯ್ಡ್‌ನ ಎಷ್ಟೋ ಆ್ಯಪ್‌ಗಳು ಪುಟಗಳನ್ನು ತೋರಿಸುವುದು ವೆಬ್‌ವ್ಯೂ ಎಂಬ ಭಾಗದ ಮೂಲಕ, ಅದು ಕ್ರೋಮ್ ಕುಟುಂಬದ್ದೇ. ಐಫೋನಿನಲ್ಲಂತೂ ಯಾವ ಹೆಸರಿನ ಬ್ರೌಸರ್ ಹಾಕಿದರೂ ಒಳಗೆ ವೆಬ್‌ಕಿಟ್ ಇರಬೇಕೆಂಬುದು ಆ್ಯಪಲ್‌ನ ಕಟ್ಟಳೆ. ಯುರೋಪಿನ ಒಕ್ಕೂಟದ ಕಾನೂನಿಗೆ ಮಣಿದು 2024ರ ಮಾರ್ಚ್‌ನಿಂದ ಅಲ್ಲಿ ಅದನ್ನು ಸಡಿಲಿಸಿದರು.

ಫೈರ್‌ಫಾಕ್ಸ್ ಬಗ್ಗೆ ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ಅದರ ದೌರ್ಬಲ್ಯವನ್ನೂ ಹೇಳಬೇಕು. 2004ರ ನವೆಂಬರ್ 9ರಂದು ಮೊದಲ ಆವೃತ್ತಿ ಬಂದಾಗ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಏಕಾಧಿಪತ್ಯವನ್ನು ಅಲುಗಿಸಿದ ಬ್ರೌಸರ್ ಅದು. ಇಂದು ಜಗತ್ತಿನ ಬಳಕೆಯಲ್ಲಿ ಸುಮಾರು ಮೂರನೇ ಎರಡು ಪಾಲು ಕ್ರೋಮ್‌ನದಾದರೆ, ಫೈರ್‌ಫಾಕ್ಸ್‌ನ ಪಾಲು ಕೆಲವೇ ಶೇಕಡಕ್ಕೆ ಇಳಿದಿದೆ. ಹುಡುಕಾಟಕ್ಕೆ ಗೂಗಲನ್ನೇ ಮೊದಲ ಆಯ್ಕೆಯಾಗಿ ಇಟ್ಟದ್ದಕ್ಕೆ ಗೂಗಲ್ ಕೊಡುವ ಹಣವೇ ಮೊಜಿಲ್ಲಾದ ಆದಾಯದ ಬಹುಪಾಲು. ಎದುರಾಳಿಯ ಅನ್ನ ಉಂಡು ಎದುರಾಳಿಯೊಡನೆ ಸೆಣಸುವ ಈ ವಿಚಿತ್ರ ಸ್ಥಿತಿ ಅಮೆರಿಕದ ನ್ಯಾಯಾಲಯದಲ್ಲಿಯೂ ಚರ್ಚೆಯಾಯಿತು. ಹುಡುಕಾಟದಲ್ಲಿ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆಯೆಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪಿತ್ತಾಗ, ಕ್ರೋಮನ್ನು ಮಾರಿಸಬೇಕೆಂದು ಸರ್ಕಾರ ಕೇಳಿತು. 2025ರ ಸೆಪ್ಟೆಂಬರ್‌ನ ಆದೇಶದಲ್ಲಿ ಅವರು ಮಾರಾಟದ ಬೇಡಿಕೆಯನ್ನು ಒಪ್ಪಲಿಲ್ಲ. ಬೇರಾರಿಗೂ ಅವಕಾಶ ಕೊಡದಂಥ ಒಪ್ಪಂದಗಳನ್ನು ನಿಷೇಧಿಸಿದರಾದರೂ, ಇಂಥ ಹಣಪಾವತಿಯನ್ನು ಪೂರ್ತಿ ನಿಲ್ಲಿಸಲಿಲ್ಲ. ಮೊಜಿಲ್ಲಾ ಉಸಿರು ಬಿಟ್ಟಿರಬೇಕು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಬಂದಿತ್ತು. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಪ್ಲೇ ಸ್ಟೋರ್‌ನಲ್ಲಿರುವ ತನ್ನ ಬಲವನ್ನು ಬಳಸಿ ಬ್ರೌಸರ್ ಮಾರುಕಟ್ಟೆಯಲ್ಲಿ ಕ್ರೋಮ್‌ನ ಸ್ಥಾನವನ್ನು ಕಾಪಾಡಿಕೊಂಡಿದೆ ಎಂಬುದೂ ಆರೋಪಗಳಲ್ಲೊಂದಾಗಿ ಸಾಬೀತಾಗಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ಹೊಸ ಫೋನಿನ ಪೆಟ್ಟಿಗೆ ಬಿಚ್ಚಿದಾಗ ಕೈಗೆ ಸಿಗುವ ಬ್ರೌಸರ್ ಯಾವುದೋ ಅದನ್ನೇ ಬಹುಪಾಲು ಜನ ಬಳಸುತ್ತಾರೆ ಎಂಬುದನ್ನು ಮಾರುವವರು ಚೆನ್ನಾಗಿ ಬಲ್ಲರು.

ಒಮ್ಮೆ ಮಾತ್ರ ನಮ್ಮಲ್ಲಿ ಕೋಟ್ಯಂತರ ಜನ ಒಟ್ಟಿಗೆ ಬ್ರೌಸರ್ ಬದಲಿಸಬೇಕಾಗಿ ಬಂತು. ಚೀನಾದ ಅಲಿಬಾಬಾ ಸಮೂಹದ ಯುಸಿ ಬ್ರೌಸರ್, ಅಗ್ಗದ ಫೋನು ಮತ್ತು ನಿಧಾನಗತಿಯ ಸಂಪರ್ಕದ ದಿನಗಳಲ್ಲಿ ಪುಟಗಳನ್ನು ಕುಗ್ಗಿಸಿ ಬೇಗ ತೋರಿಸುತ್ತಿದ್ದುದರಿಂದ ಇಲ್ಲಿ ಮನೆಮಾತಾಗಿತ್ತು. ಗಲ್ವಾನ್ ಘರ್ಷಣೆಯ ಬಳಿಕ 2020ರ ಜೂನ್ 29ರಂದು ಕೇಂದ್ರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಸೇರಿತ್ತು. ಒಂದೇ ಕಡೆ ಎಲ್ಲವನ್ನೂ ಇಟ್ಟುಕೊಂಡವರಿಗೆ ಯಾವತ್ತು ಬೇಕಾದರೂ ಇಂಥ ಪರಿಸ್ಥಿತಿ ಬರಬಹುದು. ಬುಕ್‌ಮಾರ್ಕ್‌ಗಳ ಪ್ರತಿಯೊಂದನ್ನು ಆಗಾಗ ತೆಗೆದಿಡುವುದು, ಪಾಸ್‌ವರ್ಡ್‌ಗಳನ್ನು ಬ್ರೌಸರಿನ ಹೊರಗೆ ಪ್ರತ್ಯೇಕ ವ್ಯವಸ್ಥೆಯಲ್ಲಿಡುವುದು, ಬದಲಿಸದವರಿಗೂ ಒಳ್ಳೆಯದು.

ಈಗ ಈ ಪತ್ರ ಬರೆಯಲು ಮುಖ್ಯ ಕಾರಣವಾದ ಸಂಗತಿಗೆ ಬರುತ್ತೇನೆ. ಖಾಸಗಿ ಬಳಕೆಯಲ್ಲಿ ಯಾವ ಬ್ರೌಸರ್ ಎಂಬುದು ಅವರವರ ಇಷ್ಟ. ಸರ್ಕಾರದ ಕೆಲಸದಲ್ಲಿ ಆ ಇಷ್ಟಕ್ಕೆ ಬೆಲೆಯಿಲ್ಲ. ಈ ಸಹಸ್ರಮಾನದ ಮೊದಲ ದಶಕದಲ್ಲಿ ನಮ್ಮ ಸರ್ಕಾರಿ ತಾಣಗಳ ಅಡಿಯಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿಯೇ ನೋಡಿ ಎಂಬ ಸಾಲು ಸಾಮಾನ್ಯವಾಗಿತ್ತು. ಕನ್ನಡ ಪತ್ರಿಕೆಗಳ ತಾಣಗಳೂ ಯೂನಿಕೋಡ್‌ಗೆ ಬರುವ ಮುನ್ನ ತಂತಮ್ಮ ಫಾಂಟ್‌ಗಳನ್ನು ಬಳಸುತ್ತಿದ್ದ ಕಾಲದಲ್ಲಿ, ಬೇರೆ ಬ್ರೌಸರಿನಲ್ಲಿ ತೆರೆದವರಿಗೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತಿದ್ದವು. ಡಿಜಿಟಲ್ ಸಹಿ ಬೇಕಾದ ಕಡೆ ಬ್ರೌಸರಿನೊಳಗೆ ಓಡುವ ಪುಟ್ಟ ತಂತ್ರಾಂಶಗಳಾದ ಜಾವಾ ಆ್ಯಪ್ಲೆಟ್‌ಗಳನ್ನು ಬಳಸಿದ್ದರು. ಅವಕ್ಕೆ ಆಧಾರವಾಗಿದ್ದ ವ್ಯವಸ್ಥೆಯನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕೈಬಿಟ್ಟಾಗ, ಲೆಕ್ಕಪರಿಶೋಧಕರೂ ಗುತ್ತಿಗೆದಾರರೂ ಸಹಿ ಹಾಕುವುದಕ್ಕೆಂದೇ ಹಳೆಯ ಎಕ್ಸ್‌ಪ್ಲೋರರ್ ಉಳಿಸಿಕೊಳ್ಳಬೇಕಾಯಿತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದನ್ನೂ ನಿವೃತ್ತಗೊಳಿಸಿತು. ದಕ್ಷಿಣ ಕೊರಿಯಾದಲ್ಲಿ ಇದು ಇನ್ನೂ ಅತಿರೇಕಕ್ಕೆ ಹೋಗಿತ್ತು: 1990ರ ದಶಕದ ಕೊನೆಯಲ್ಲಿ ತಾವೇ ರೂಪಿಸಿದ ಗೂಢಲಿಪಿಯನ್ನು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಡುವ, ಮೈಕ್ರೋಸಾಫ್ಟ್‌ನ ಆ್ಯಕ್ಟಿವ್‌ಎಕ್ಸ್ ಎಂಬ ತಂತ್ರದ ಮೂಲಕ ಅಳವಡಿಸಿದ್ದರಿಂದ, ಅತಿವೇಗದ ಸಂಪರ್ಕಕ್ಕೆ ಹೆಸರಾದ ಆ ದೇಶದ ಬ್ಯಾಂಕಿಂಗ್ ವ್ಯವಹಾರ ಬಹುಕಾಲ ಒಂದೇ ಬ್ರೌಸರಿಗೆ ಕಟ್ಟುಬಿದ್ದಿತ್ತು.

ಎಕ್ಸ್‌ಪ್ಲೋರರ್‌ನ ಜಾಗದಲ್ಲಿ ಈಗ ಕ್ರೋಮ್ ಕೂತಿದೆ, ಮನೋಭಾವ ಬದಲಾಗಿಲ್ಲ. ಇಲಾಖೆಯೊಂದರ ತಾಣದಲ್ಲಿ ಅರ್ಜಿ ತುಂಬಿ ಕೊನೆಯ ಗುಂಡಿ ಒತ್ತಿದಾಗ ಫೈರ್‌ಫಾಕ್ಸ್‌ನಲ್ಲಿ ಏನೂ ಆಗದೆ, ಸಹಾಯವಾಣಿಗೆ ಕರೆ ಮಾಡಿದರೆ ಕ್ರೋಮ್ ಬಳಸಿ ಸಾರ್ ಎಂಬ ಉತ್ತರ ಬಂದ ಅನುಭವ ನನಗೊಬ್ಬನಿಗೇ ಆಗಿರಲಾರದು. ಸಫಾರಿ ಬಳಸುವವರ ದೂರೂ ಇಂಥದೇ. ತಪ್ಪು ಅವರ ಬ್ರೌಸರಿನದಲ್ಲ. ತಾಣ ಕಟ್ಟಿದವರು ಕ್ರೋಮ್‌ನಲ್ಲಿ ಓಡಿಸಿ ನೋಡಿ ಬಿಲ್ ಪಾಸು ಮಾಡಿಸಿಕೊಂಡಿದ್ದಾರೆ, ಅಷ್ಟೆ.

ಸ್ವದೇಶಿ ಬ್ರೌಸರ್ ಇದಕ್ಕೆ ಪರಿಹಾರವೆಂದು ಕೆಲವರು ನಂಬಿದ್ದಾರೆ. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಆಗಸ್ಟ್‌ನಲ್ಲಿ 3.41 ಕೋಟಿ ರೂಪಾಯಿ ಮೊತ್ತದ ಸ್ಪರ್ಧೆ ಏರ್ಪಡಿಸಿ, 2025ರ ಮಾರ್ಚ್‌ನಲ್ಲಿ ಝೋಹೋ ಸಂಸ್ಥೆಗೆ 1 ಕೋಟಿಯ ಮೊದಲ ಬಹುಮಾನ ಕೊಟ್ಟಿತು. ಅದರ ಹಿಂದಿನ ಉದ್ದೇಶಗಳಲ್ಲೊಂದು, ತಾಣಗಳ ಅಸಲಿತನವನ್ನು ದೃಢೀಕರಿಸುವ ಮೂಲ ಪ್ರಮಾಣಪತ್ರಗಳಲ್ಲಿ ಭಾರತ ಸರ್ಕಾರದ್ದೂ ಬ್ರೌಸರಿನಲ್ಲಿ ಇರಬೇಕೆಂಬುದು. ಈ ಆಸೆಗೆ ಒಂದು ಇತಿಹಾಸವಿದೆ. 2014ರ ಜುಲೈನಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್‌ನ ತಾಣಗಳ ಹೆಸರಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಪತ್ತೆಯಾಗಿ ದೊಡ್ಡ ಸುದ್ದಿಯಾಯಿತು. ಆಗ ವಿಂಡೋಸ್ ಭಾರತದ ಮೂಲ ಪ್ರಮಾಣಪತ್ರವನ್ನು ನಂಬುತ್ತಿತ್ತು; ತನ್ನದೇ ಪ್ರತ್ಯೇಕ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್ ನಂಬುತ್ತಿರಲಿಲ್ಲ, ಹಾಗಾಗಿ ಅದರ ಬಳಕೆದಾರರಿಗೆ ತೊಂದರೆ ತಟ್ಟಲಿಲ್ಲ. ಬ್ರೌಸರುಗಳ ಪಟ್ಟಿಗೆ ಸೇರಲು ಕಠಿಣ ತಪಾಸಣೆಯ ಹಾದಿಯಿದೆ, ಬೆಂಗಳೂರಿನ ಇಮುದ್ರಾ ಸಂಸ್ಥೆ ಆ ಹಾದಿಯಲ್ಲೇ ಹೋಗಿ ಮೊಜಿಲ್ಲಾದ ಪಟ್ಟಿಯಲ್ಲಿ ಜಾಗ ಪಡೆದಿದೆ. ಸರ್ಕಾರವೂ ಅದೇ ಹಾದಿಯಲ್ಲಿ ನಡೆಯುವುದು, ಕ್ರೋಮಿಯಂ ಮೇಲೆ ದೇಸಿ ಹೊದಿಕೆ ಹೊದಿಸಿದ ಬ್ರೌಸರಿನಿಂದ ಅದನ್ನು ಸಾಧಿಸಲು ಹೊರಡುವುದಕ್ಕಿಂತ ಗೌರವದ ಕೆಲಸ ಎಂದು ನನಗೆ ತೋರುತ್ತದೆ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನಾನು ಕೇಳಿದವರಿಗೆ ಹೇಳುವುದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಡಿ, ಎರಡು ಇಟ್ಟುಕೊಳ್ಳಿ ಎಂದು. ಓದುವುದು, ಹುಡುಕುವುದು ಯುಬ್ಲಾಕ್ ಸಹಿತವಾದ ಫೈರ್‌ಫಾಕ್ಸ್‌ನಲ್ಲಿ ನಡೆಯಲಿ. ಬ್ಯಾಂಕು, ತೆರಿಗೆ, ಇಲಾಖೆಗಳ ಕೆಲಸ ಯಾವ ಎಕ್ಸ್‌ಟೆನ್ಷನ್ನೂ ಇಲ್ಲದ ಕ್ರೋಮ್ ಅಥವಾ ಎಡ್ಜ್‌ನಲ್ಲಿ ನಡೆಯಲಿ. ಒಂದೇ ಬಾರಿ ಮನೆ ಖಾಲಿ ಮಾಡುವ ತಾಪತ್ರಯ ಇದರಲ್ಲಿಲ್ಲ, ಹಳೆಯದಕ್ಕೆ ಮರಳಬೇಕೆನಿಸಿದರೂ ನಷ್ಟವಿಲ್ಲ. ಸಹಕಾರ ಸಂಘಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಉಸಿರಾಡುತ್ತಿರುವ ವಿಂಡೋಸ್ 7ರ ಯಂತ್ರಗಳಿಗೆ ಮಾತ್ರ ಬೇರೆ ಮಾತು. ಕ್ರೋಮ್ 2023ರ ಫೆಬ್ರುವರಿಯಲ್ಲಿ ಅವನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ ತನ್ನ 115ನೇ ದೀರ್ಘಾವಧಿ ಆವೃತ್ತಿಯ ಮೂಲಕ ಭದ್ರತಾ ತಿದ್ದುಪಡಿಗಳ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ ಅವುಗಳ ಕೈಹಿಡಿಯಿತು. ಆದರೆ ಆ ಯಂತ್ರಗಳಲ್ಲಿ ಹಣದ ವ್ಯವಹಾರ ಬೇಡ, ಅಡಿಯಲ್ಲಿರುವ ವಿಂಡೋಸ್ ತಾನೇ ಅನಾಥವಾಗಿರುವಾಗ ಬ್ರೌಸರ್ ಎಷ್ಟೆಂದು ಕಾಪಾಡೀತು? ಗ್ರಾಮ ಒನ್ ಮತ್ತು ಸೈಬರ್ ಕೇಂದ್ರಗಳಲ್ಲಿ ಅರ್ಜಿ ಹಾಕುವವರು ಅಲ್ಲಿನ ಬ್ರೌಸರಿಗೆ ತಮ್ಮ ಗೂಗಲ್ ಖಾತೆಯಿಂದ ಪ್ರವೇಶಿಸಿ ಹಾಗೇ ಎದ್ದುಬರುವುದಿದೆ. ಅದರಿಂದ ಮನೆಯಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೆಲ್ಲ ಆ ಯಂತ್ರಕ್ಕೂ ಇಳಿಯಬಹುದು. ಬ್ರೌಸರ್ ಯಾವುದೆಂಬ ಪ್ರಶ್ನೆಗಿಂತ ಇದು ದೊಡ್ಡದು.

ಕೃತಕ ಬುದ್ಧಿಮತ್ತೆಯ ಹೊಸ ಬ್ರೌಸರುಗಳ ಬಗ್ಗೆ ಒಂದೇ ಮಾತು. 2025ರಲ್ಲಿ ಪರ್ಪ್ಲೆಕ್ಸಿಟಿಯ ಕಾಮೆಟ್, ಓಪನ್‌ಎಐನ ಅಟ್ಲಾಸ್ ಬಂದಿವೆ. ನಮ್ಮ ಪರವಾಗಿ ತಾವೇ ಪುಟ ಓದಿ ಗುಂಡಿ ಒತ್ತುವ ಇವುಗಳಿಗೆ, ಪುಟದಲ್ಲಿ ಅಡಗಿಸಿಟ್ಟ ದುರುದ್ದೇಶದ ಸೂಚನೆ ಯಾವುದು, ಯಜಮಾನನ ಸೂಚನೆ ಯಾವುದು ಎಂದು ಬೇರ್ಪಡಿಸುವುದು ಇನ್ನೂ ಕಷ್ಟವಾಗಿದೆ. ಬ್ಯಾಂಕ್ ಖಾತೆಗೆ ಪ್ರವೇಶಿಸಿರುವಾಗ ಅವನ್ನು ಬಳಸುವುದು ಸದ್ಯಕ್ಕೆ ಬೇಡ.

ಸರ್ಕಾರಿ ತಾಣಗಳಿಗೆಂದೇ 2009ರಿಂದ ಕೇಂದ್ರದ ಮಾರ್ಗಸೂಚಿ ಇದೆ. ಭಾರತೀಯ ಭಾಷೆಗಳ ಅಕ್ಷರಗಳನ್ನು ಜನಪ್ರಿಯ ಬ್ರೌಸರುಗಳಲ್ಲಿ ಪರೀಕ್ಷಿಸಿರಬೇಕೆಂಬುದೂ ಅದರಲ್ಲಿದೆ. ರಾಜ್ಯದ ಇ-ಆಡಳಿತ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: ತಾಣ ಕಟ್ಟಿಸುವ ಪ್ರತಿ ಟೆಂಡರಿನಲ್ಲಿ ಬ್ಲಿಂಕ್, ವೆಬ್‌ಕಿಟ್, ಗೆಕೊ ಮೂರೂ ಇಂಜಿನ್‌ಗಳಲ್ಲಿ ಅರ್ಜಿ ತುಂಬುವುದರಿಂದ ಹಣ ಪಾವತಿಯ ರಸೀದಿ ಬರುವವರೆಗೆ ಪರೀಕ್ಷಿಸಿ ತೋರಿಸಬೇಕೆಂಬ ಷರತ್ತನ್ನು ಸೇರಿಸಲಿ, ಆ ಪರೀಕ್ಷೆಯ ವರದಿಯನ್ನು ತಾಣದಲ್ಲಿಯೇ ಪ್ರಕಟಿಸಲಿ, ಅದು ಆಗುವವರೆಗೆ ಕೊನೆಯ ಕಂತನ್ನು ತಡೆಹಿಡಿಯಲಿ. ಈಗಾಗಲೇ ನಡೆಯುತ್ತಿರುವ ತಾಣಗಳಿಗೆ ವಾರ್ಷಿಕ ನಿರ್ವಹಣೆಯ ಒಪ್ಪಂದ ನವೀಕರಿಸುವಾಗ ಇದೇ ಷರತ್ತು ಹಾಕಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ, ಸಾಗರ